ಅರಿತವನ ಹೊಣೆ

ಅರಿಯದೆ ಮಾಡಿದ ತಪ್ಪನ್ನು ಲೋಕವು ಕ್ಷಮಿಸುತ್ತದೆ. ಕತ್ತಲೆಯಲ್ಲಿ ನಡೆಯುವವನು ಇರುವೆಗಳ ಸಾಲನ್ನು ತುಳಿದರೆ ಅವನನ್ನು ಯಾರೂ ಕ್ರೂರಿಯೆಂದು ಕರೆಯುವುದಿಲ್ಲ. ಆದರೆ ಅವನ ಕೈಗೆ ದೀಪವನ್ನು ಕೊಟ್ಟ ಮೇಲೆ? ದೀಪವು ದಾರಿಯನ್ನು ತೋರಿಸುವಂತೆಯೇ ಇರುವೆಗಳನ್ನೂ ತೋರಿಸುತ್ತದೆ. ಅನಂತರವೂ ಅವನು ತುಳಿದುಕೊಂಡೇ ಹೋದರೆ 'ಕಾಣಲಿಲ್ಲ' ಎಂಬ ಮಾತು ಅವನ ಬಾಯಲ್ಲಿ ನಿಲ್ಲದು. ಜ್ಞಾನವು ಮನುಷ್ಯನಿಗೆ ಬಲವನ್ನು ಕೊಡುತ್ತದೆಂದು ನಾವೆಲ್ಲರೂ ಹೇಳುತ್ತೇವೆ. ಅದು ಅವನ ನೆಪಗಳನ್ನು ಕಿತ್ತುಕೊಳ್ಳುತ್ತದೆ ಎಂಬುದನ್ನು ಹೇಳಲು ಮರೆಯುತ್ತೇವೆ.

ವಾಚಕರೇ, ಈ ಮಾತನ್ನು ಪರಿಶೀಲಿಸಲು ನಾನು ಆರಿಸಿಕೊಂಡ ನಿದರ್ಶನವು ನಿಮ್ಮಲ್ಲಿ ಅನೇಕರಿಗೆ ಅಪ್ರಿಯವೆನಿಸಬಹುದು. ಅಮೆರಿಕ, ಆಸ್ಟ್ರೇಲಿಯ, ಬ್ರೆಜಿಲ್ ಮೊದಲಾದ ದೇಶಗಳಲ್ಲಿ ಮಾಂಸಕ್ಕೆಂದೇ ದನಗಳನ್ನು ಸಾಕುತ್ತಾರೆ. ಹುಟ್ಟಿದ ಕರುವಿನ ಒಂದಿಷ್ಟು ಕೂದಲಿನ ಬುಡದಿಂದಲೋ, ಒಂದು ಹನಿ ರಕ್ತದಿಂದಲೋ, ಅದು ಮುಂದೆ ಸತ್ತಾಗ ಅದರ ಮಾಂಸವು ಎಂಥದಾದೀತು, ಅದರ ಮಕ್ಕಳ ಮಾಂಸವು ಎಂಥದಾದೀತು ಎಂದು ಲೆಕ್ಕ ಹಾಕುವ ವಿದ್ಯೆಯೊಂದು ಅಲ್ಲಿ ಬೆಳೆದಿದೆ. 'ನಮಗೇಕೆ ಈ ಮಾತು?' ಎಂದು ಪುಟವನ್ನು ಮಗುಚಬೇಡಿರಿ. ಮಾಂಸಾಹಾರವು ಸರಿಯೋ ತಪ್ಪೋ ಎಂಬುದು ದೊಡ್ಡ ಪ್ರಶ್ನೆ. ಅದು ತನ್ನ ಸ್ಥಾನದಲ್ಲಿಯೇ ಇರಲಿ. ಆ ಪ್ರಶ್ನೆಗೆ ನೀವು ಯಾವ ಉತ್ತರವನ್ನು ಕೊಟ್ಟರೂ ಉಳಿಯುವ ಇನ್ನೊಂದು ಪ್ರಶ್ನೆಯಿದೆ: ಒಂದು ಜೀವವು ಹೇಗೆ ಹುಟ್ಟಬೇಕೆಂದು ನಿರ್ಧರಿಸುವ ಅಧಿಕಾರ ನಮ್ಮ ಕೈಗೆ ಬಂದಾಗ, ಆ ಜೀವಕ್ಕೆ ನಾವು ಏನನ್ನು ಸಲ್ಲಿಸಬೇಕು? ಈ ಪ್ರಶ್ನೆಯು ಹಾಲು ಕುಡಿಯುವವರ ಮನೆಯ ಬಾಗಿಲಿಗೂ ಬಂದು ನಿಂತಿದೆ ಎಂಬುದನ್ನು ಕೊನೆಯಲ್ಲಿ ನೋಡೋಣ.

ಮೊದಲು ವಿಷಯವನ್ನು ತಿಳಿಯೋಣ. ಅಮೆರಿಕದ ಕಸಾಯಿಖಾನೆಗಳಲ್ಲಿ ದನವನ್ನು ಕೊಂದು, ಚರ್ಮ, ತಲೆ, ಕರುಳುಗಳನ್ನು ತೆಗೆದು, ಉಳಿದ ಒಡಲನ್ನು ತಣ್ಣನೆಯ ಕೋಣೆಯಲ್ಲಿ ತೂಗುಹಾಕುತ್ತಾರೆ. ಬಳಿಕ 12ನೆಯ ಮತ್ತು 13ನೆಯ ಪಕ್ಕೆಲುಬುಗಳ ನಡುವೆ ಅಡ್ಡಲಾಗಿ ಕೊಯ್ದು ನೋಡುತ್ತಾರೆ. ಅಲ್ಲಿ ಕಾಣುವ ಸ್ನಾಯುವಿನ ವಿಸ್ತಾರವೆಷ್ಟು, ಅದರ ಹೊರಗಿನ ಕೊಬ್ಬಿನ ದಪ್ಪವೆಷ್ಟು, ಸ್ನಾಯುವಿನ ಒಳಗೆ ಬಿಳಿಯ ಗೀರುಗಳಾಗಿ ಹರಡಿರುವ ಕೊಬ್ಬು ಎಷ್ಟು ಎಂದು ಪರೀಕ್ಷಿಸುತ್ತಾರೆ. ಈ ಗೀರುಗಳು ಅಮೃತಶಿಲೆಯ ಗೆರೆಗಳಂತೆ ಕಾಣುವುದರಿಂದ ಅವರ ಭಾಷೆಯಲ್ಲಿ ಅದಕ್ಕೆ 'ಮಾರ್ಬಲಿಂಗ್' ಎಂದೇ ಹೆಸರು. ಅದು ಹೆಚ್ಚಿದ್ದರೆ ಮಾಂಸವು ಮೃದುವೂ ರುಚಿಕರವೂ ಆಗಿರುತ್ತದೆಂದು ತಿನ್ನುವವರು ಭಾವಿಸುತ್ತಾರೆ. ಅದರಂತೆ ಸರ್ಕಾರದ ಪರೀಕ್ಷಕರು ಪ್ರೈಮ್, ಚಾಯ್ಸ್, ಸೆಲೆಕ್ಟ್ ಎಂಬ ದರ್ಜೆಗಳನ್ನು ಕೊಡುತ್ತಾರೆ. ದರ್ಜೆಯನ್ನು ಅನುಸರಿಸಿ ಬೆಲೆ. ಒಡಲಿನ ತೂಕ, ಸ್ನಾಯುವಿನ ವಿಸ್ತಾರ, ಕೊಬ್ಬಿನ ದಪ್ಪ, ಒಳಗೆರೆ—ಇವೇ ಮಾಂಸದ ತಳಿಗಾರನು ಬಯಸಿ ಬೆಳೆಸುವ ಮುಖ್ಯ ಗುಣಗಳು.

ಇಲ್ಲಿಯೇ ತಳಿಗಾರನಿಗೆ ಒಂದು ವಿಚಿತ್ರವಾದ ತೊಡಕು. ಹಸುವಿನ ಹಾಲನ್ನು ಅದು ಬದುಕಿರುವಾಗಲೇ ಅಳೆಯಬಹುದು. ಎತ್ತಿನ ನಡಿಗೆಯನ್ನು ಅದು ನಡೆಯುವಾಗಲೇ ನೋಡಬಹುದು. ಮಾಂಸದ ಗುಣವಾದರೋ ಪ್ರಾಣಿಯು ಸತ್ತ ಮೇಲೆಯೇ ಕಣ್ಣಿಗೆ ಬೀಳುವಂಥದು. ಸತ್ತ ಹೋರಿಯು ಕರು ಹುಟ್ಟಿಸಲಾರದು! ಆದುದರಿಂದ ಹಿಂದಿನವರು ಒಂದು ಸುತ್ತುದಾರಿಯನ್ನು ಹಿಡಿದಿದ್ದರು. ಹೋರಿಯನ್ನು ಬದುಕಿಸಿಕೊಂಡು, ಅದಕ್ಕೆ ಹುಟ್ಟಿದ ಹಲವಾರು ಕರುಗಳನ್ನು ಬೆಳೆಸಿ, ಕೊಂದು, ಕೊಯ್ದು ನೋಡಿ, ಆ ಮಕ್ಕಳ ಒಡಲಿನಿಂದ ತಂದೆಯ ಯೋಗ್ಯತೆಯನ್ನು ಊಹಿಸುತ್ತಿದ್ದರು. ಇಷ್ಟೆಲ್ಲ ಆಗುವ ಹೊತ್ತಿಗೆ ಹೋರಿಗೆ ವಯಸ್ಸಾಗುತ್ತಿತ್ತು. ಬಳಿಕ ಗರ್ಭಿಣಿಯರ ಪರೀಕ್ಷೆಗೆ ಬಳಸುವಂಥ ಅಲ್ಟ್ರಾಸೌಂಡ್ ಯಂತ್ರದಿಂದ ಜೀವಂತ ಪ್ರಾಣಿಯ ಪಕ್ಕೆಯೊಳಗಿನ ಕೊಬ್ಬನ್ನು ನೋಡುವುದು ಸಾಧ್ಯವಾಯಿತು. ಆದರೂ ಅದು ಒಂದು ವರ್ಷದಷ್ಟು ಬೆಳೆದ ಪ್ರಾಣಿಗೆ ಮಾತ್ರ ಒಪ್ಪುವ ಪರೀಕ್ಷೆ.

ಆರಿಸಿ ಬೆಳೆಸುವ ಕೆಲಸವೇನೂ ಹೊಸದಲ್ಲ. ಇಂಗ್ಲೆಂಡಿನ ಲೆಸ್ಟರ್ ಪ್ರಾಂತದ ಡಿಶ್ಲಿ ಎಂಬಲ್ಲಿ ರಾಬರ್ಟ್ ಬೇಕ್‌ವೆಲ್ (1725-1795) ಎಂಬ ರೈತನು ತನಗೆ ಬೇಕಾದ ಮೈಕಟ್ಟಿನ ಕುರಿಗಳನ್ನೂ ದನಗಳನ್ನೂ ಹತ್ತಿರದ ರಕ್ತಸಂಬಂಧದಲ್ಲಿಯೇ ಕೂಡಿಸಿ ತಳಿಗಳನ್ನು ತಿದ್ದಿದನು. 1822ರಲ್ಲಿ ಶಾರ್ಟ್‌ಹಾರ್ನ್ ದನಗಳ ವಂಶಾವಳಿಯು ಪುಸ್ತಕರೂಪದಲ್ಲಿ ಅಚ್ಚಾಯಿತು. 1873ರಲ್ಲಿ ಜಾರ್ಜ್ ಗ್ರಾಂಟ್ ಎಂಬವನು ಸ್ಕಾಟ್ಲೆಂಡಿನಿಂದ ಕೋಡಿಲ್ಲದ ಕರಿಯ ಆಂಗಸ್ ಹೋರಿಗಳು ನಾಲ್ಕನ್ನು ಅಮೆರಿಕದ ಕ್ಯಾನ್ಸಸ್ ಪ್ರಾಂತಕ್ಕೆ ತಂದನು. 1883ರಲ್ಲಿ ಆ ತಳಿಯ ಸಂಘವೇ ಅಲ್ಲಿ ಹುಟ್ಟಿತು. 20ನೆಯ ಶತಮಾನದಲ್ಲಿ ಚಾರ್ಲ್ಸ್ ಹೆಂಡರ್ಸನ್ ಎಂಬ ವಿದ್ವಾಂಸನು ನೆಂಟರಿಷ್ಟರ ದಾಖಲೆಗಳನ್ನೆಲ್ಲ ಒಟ್ಟುಗೂಡಿಸಿ ಪ್ರಾಣಿಯ ವಂಶಗುಣವನ್ನು ಅಂದಾಜು ಮಾಡುವ ಗಣಿತವನ್ನು ರೂಪಿಸಿದನು. ಕಣ್ಣು, ಕೈ, ವಂಶಾವಳಿ, ಗಣಿತ—ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಈ ವಿದ್ಯೆಯು ಏರಿದೆ.

ಕೊನೆಯ ಮೆಟ್ಟಿಲು ನಮ್ಮ ಕಾಲದ್ದು. 2001ರಲ್ಲಿ ಮ್ಯೂವಿಸೆನ್, ಹೇಸ್, ಗೊಡ್ಡಾರ್ಡ್ ಎಂಬ ಮೂವರು ವಿಜ್ಞಾನಿಗಳು ಒಂದು ಪ್ರಬಂಧವನ್ನು ಪ್ರಕಟಿಸಿದರು. ಯಾವ ವಂಶವಾಹಿಯು ಯಾವ ಕೆಲಸವನ್ನು ಮಾಡುತ್ತದೆಂದು ಒಂದೊಂದನ್ನೇ ಹುಡುಕುತ್ತ ಕೂರಬೇಕಾಗಿಲ್ಲ. ಪ್ರಾಣಿಯ ಸಮಗ್ರ ವಂಶಲಿಪಿಯ ಉದ್ದಕ್ಕೂ ಸಾವಿರಾರು ಗುರುತುಗಳನ್ನಿಟ್ಟುಕೊಂಡು, ಅವೆಲ್ಲವುಗಳ ಪರಿಣಾಮವನ್ನು ಒಟ್ಟಿಗೆ ಲೆಕ್ಕ ಹಾಕಬಹುದು ಎಂಬುದು ಅದರ ಸಾರ. 2009ರಲ್ಲಿ ದನದ ವಂಶಲಿಪಿಯನ್ನು ಓದಿದ ವಿವರವು ಪ್ರಕಟವಾಯಿತು. ಅದಕ್ಕೆ ರಕ್ತವನ್ನು ಕೊಟ್ಟದ್ದು ಅಮೆರಿಕದ ಮೊಂಟಾನಾ ಪ್ರಾಂತದ ಸಂಶೋಧನಾ ಕೇಂದ್ರವೊಂದರಲ್ಲಿದ್ದ ಡಾಮಿನೆಟ್ ಎಂಬ ಹೆರ್‌ಫರ್ಡ್ ಹಸು. ಸುಮಾರು 300 ಕೋಟಿ ಅಕ್ಷರಗಳ ಗ್ರಂಥವದು. ಅದರಲ್ಲಿ ಸುಮಾರು 22,000 ವಂಶವಾಹಿಗಳು. ಅದೇ ಸುಮಾರಿಗೆ, ಉಗುರಿನಷ್ಟು ಜಾಗದಲ್ಲಿ ಸುಮಾರು 54,000 ಗುರುತುಗಳನ್ನು ಒಮ್ಮೆಗೇ ಓದಬಲ್ಲ 'ಚಿಪ್' ಕೂಡ ಬಳಕೆಗೆ ಬಂದಿತು.

ಇದರ ಕ್ರಮವನ್ನು ಸುಲಭವಾಗಿ ಹೀಗೆ ತಿಳಿಯಬಹುದು. ಒಳಗೆರೆಯ ಕೊಬ್ಬು ಯಾವುದೋ ಒಂದೇ ವಂಶವಾಹಿಯ ಕೊಡುಗೆಯಲ್ಲ. ನೂರಾರು, ಸಾವಿರಾರು ಸಣ್ಣ ಪ್ರಭಾವಗಳು ಕೂಡಿ ಅದನ್ನು ಮಾಡುತ್ತವೆ. ಒಂದು ದನಕ್ಕೂ ಇನ್ನೊಂದು ದನಕ್ಕೂ ಈ ವಿಷಯದಲ್ಲಿ ಕಾಣುವ ಅಂತರದಲ್ಲಿ 100ಕ್ಕೆ ಸುಮಾರು 40ರಷ್ಟು ಹುಟ್ಟಿನಿಂದ ಬಂದದ್ದು. ಉಳಿದದ್ದು ಮೇವು, ಆರೈಕೆ, ವಯಸ್ಸು ಇತ್ಯಾದಿಗಳಿಂದ ಬಂದದ್ದು. ಮೊದಲು, ಕೊಯ್ದು ನೋಡಿದ ಸಹಸ್ರಾರು ದನಗಳ ದಾಖಲೆಯನ್ನೂ ಅವುಗಳ ವಂಶಲಿಪಿಯ ಗುರುತುಗಳನ್ನೂ ಎದುರುಬದುರಾಗಿಟ್ಟು, ಪ್ರತಿಯೊಂದು ಗುರುತಿಗೂ ಇಷ್ಟಿಷ್ಟು ಬೆಲೆಯೆಂದು ಗಣಿತದಿಂದ ನಿಶ್ಚಯಿಸುತ್ತಾರೆ. ಅನಂತರ ಹೊಸದಾಗಿ ಹುಟ್ಟಿದ ಕರುವಿನ ಗುರುತುಗಳನ್ನು ಓದಿ, ಆ ಸಣ್ಣ ಸಣ್ಣ ಬೆಲೆಗಳನ್ನು ಕೂಡಿಸುತ್ತಾರೆ. ದಿನಸಿ ಅಂಗಡಿಯವನು ಗುಲಗಂಜಿಯಷ್ಟು ಸಣ್ಣ ಬಟ್ಟುಗಳನ್ನು ಒಂದೊಂದಾಗಿ ತಕ್ಕಡಿಗೆ ಹಾಕಿ ಮೊತ್ತವನ್ನು ಹೇಳುವಂತೆ ಕಂಪ್ಯೂಟರು ಒಂದು ಸಂಖ್ಯೆಯನ್ನು ಹೇಳುತ್ತದೆ. ಇನ್ನೂ ತಾಯಿಯ ಮೊಲೆ ಬಿಡದ ಕರುವಿನ ಯೋಗ್ಯತೆಯು ಆ ಸಂಖ್ಯೆಯಲ್ಲಿ ಅಡಗಿರುತ್ತದೆ.

ಇದರಲ್ಲಿ ಮೆಚ್ಚಬೇಕಾದ ಒಂದು ಅಂಶವುಂಟು. ಹಿಂದಿನ ವಂಶಾವಳಿಯ ಲೆಕ್ಕವು ಕುಲವನ್ನು ನೋಡುತ್ತಿತ್ತು. ಒಂದೇ ತಂದೆತಾಯಿಗಳಿಗೆ ಹುಟ್ಟಿದ ಎರಡು ಕರುಗಳಿಗೆ ಒಂದೇ ಸಂಖ್ಯೆಯನ್ನು ಕೊಡುತ್ತಿತ್ತು. ಒಡಹುಟ್ಟಿದವರು ಒಂದೇ ತೆರನಾಗಿರುವುದಿಲ್ಲ ಎಂಬುದು ಮಕ್ಕಳನ್ನು ಹೆತ್ತ ಯಾರಿಗೆ ತಿಳಿಯದು? ಹೊಸ ಲೆಕ್ಕವಾದರೋ ಪ್ರತಿಯೊಂದು ಕರುವನ್ನೂ ಬೇರೆಬೇರೆಯಾಗಿಯೇ ಓದುತ್ತದೆ. ಇದಕ್ಕಿಂತ ಹತ್ತಿರದಿಂದ ಮನುಷ್ಯನು ಪ್ರಾಣಿಯನ್ನು ಹಿಂದೆಂದೂ ನೋಡಿರಲಿಲ್ಲ. ಇಷ್ಟು ಹತ್ತಿರ ಹೋಗಿ ಅವನು ಕೇಳಿದ ಪ್ರಶ್ನೆ ಮಾತ್ರ ಬಹಳ ಚಿಕ್ಕದು: 'ನೀನು ಸತ್ತ ಮೇಲೆ ನಿನ್ನ ಪಕ್ಕೆಯಲ್ಲಿ ಎಷ್ಟು ಬಿಳಿಯ ಗೆರೆಗಳಿರುತ್ತವೆ?'

ನ್ಯಾಯವಾಗಿ ವಿಚಾರ ಮಾಡುವವರು ಎದುರುಪಕ್ಷದ ಮಾತನ್ನೂ ಪೂರ್ಣವಾಗಿ ಕೇಳಬೇಕು. ತಳಿಗಾರರು ಹೇಳುವುದಿದು: 'ಒಂದು ಹೋರಿಯ ಗುಣವನ್ನು ತಿಳಿಯಲು ಹಿಂದೆ ಅದರ ಎಷ್ಟೋ ಮಕ್ಕಳನ್ನು ಕೊಯ್ದು ನೋಡಬೇಕಾಗಿತ್ತು. ಈಗ ಅದರ ಬಹುಪಾಲನ್ನು ಒಂದು ಹನಿ ರಕ್ತವು ತಿಳಿಸುತ್ತದೆ. ಉತ್ತಮವಾದ ತಳಿಯಿಂದ ಅಷ್ಟೇ ಮಾಂಸವನ್ನು ಕಡಿಮೆ ದನಗಳಿಂದ ಪಡೆಯಬಹುದು. ಮೇವು ಉಳಿಯುತ್ತದೆ, ನೀರು ಉಳಿಯುತ್ತದೆ, ದನಗಳ ತೇಗಿನಿಂದ ಗಾಳಿಗೆ ಸೇರಿ ಭೂಮಿಯನ್ನು ಕಾಯಿಸುವ ಮೀಥೇನ್ ಅನಿಲವೂ ತಗ್ಗುತ್ತದೆ.' ಈ ಮಾತು ಪೊಳ್ಳಲ್ಲ. ಅಮೆರಿಕದಲ್ಲಿ 1975ರಲ್ಲಿ 13 ಕೋಟಿ 20 ಲಕ್ಷ ದನಗಳಿದ್ದವು. 2024ರ ಜನವರಿಯ ಎಣಿಕೆಯಲ್ಲಿ ಅವು 8 ಕೋಟಿ 72 ಲಕ್ಷಕ್ಕೆ ಇಳಿದಿದ್ದವು. 1951ರಿಂದೀಚೆಗೆ ಅಷ್ಟು ಕಡಿಮೆ ಸಂಖ್ಯೆ ಬಂದಿರಲಿಲ್ಲ. ಹಾಗಿದ್ದರೂ ಆ ದೇಶದಲ್ಲಿ ಉತ್ಪನ್ನವಾಗುವ ದನದ ಮಾಂಸವು 1975ರಲ್ಲಿದ್ದುದಕ್ಕಿಂತ ಹೆಚ್ಚಾಗಿದೆ. ಇದಕ್ಕೆ ಮೇವಿನ ಕ್ರಮವೂ ಕಾರಣ, ತಳಿಯೂ ಕಾರಣ. ಲೆಕ್ಕ ಬಲ್ಲವನು ಕೆಲವು ಜೀವಗಳನ್ನು ಉಳಿಸಿದನೆಂದು ಒಪ್ಪಿಕೊಳ್ಳೋಣ. ಆದರೆ ಹುಟ್ಟಿ ಬಂದ ಜೀವದ ಪಾಡೇನು? ಎಣಿಕೆಯಲ್ಲಿ ಕಡಿಮೆಯಾದ ಮಾತ್ರಕ್ಕೆ ಪ್ರತಿಯೊಂದರ ಬಾಳೂ ಹಗುರವಾಯಿತೆಂದು ಹೇಳಲಾಗದಷ್ಟೆ.

ಸಂಖ್ಯೆಯು ನಾವು ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುತ್ತದೆ. ಕೇಳದೆ ಬಿಟ್ಟದ್ದು ಪ್ರಾಣಿಯ ಮೈಯಲ್ಲಿ ಉಳಿದು, ತನ್ನ ಕಾಲಕ್ಕೆ ತಾನೇ ಮಾತನಾಡುತ್ತದೆ. ಇದಕ್ಕೆ ಎರಡು ನಿದರ್ಶನಗಳನ್ನು ಕೊಡುತ್ತೇನೆ.

ಬೆಲ್ಜಿಯಂ ದೇಶದಲ್ಲಿ ಬೆಲ್ಜಿಯನ್ ಬ್ಲೂ ಎಂಬ ತಳಿಯಿದೆ. ಅದರ ತೊಡೆ, ಬೆನ್ನುಗಳನ್ನು ಕಂಡವರು ಪೈಲ್ವಾನನ ನೆನಪು ಮಾಡಿಕೊಳ್ಳುತ್ತಾರೆ. ಸ್ನಾಯುಗಳು ಇಮ್ಮಡಿಯಾದಂತೆ ಉಬ್ಬಿರುತ್ತವೆ. ಸ್ನಾಯುವಿನ ಬೆಳವಣಿಗೆಗೆ ಮಿತಿಯಿಡುವ 'ಮಯೋಸ್ಟಾಟಿನ್' ಎಂಬ ವಂಶವಾಹಿಯಲ್ಲಿ 11 ಅಕ್ಷರಗಳು ಬಿಟ್ಟುಹೋಗಿರುವುದೇ ಇದಕ್ಕೆ ಕಾರಣವೆಂದು 1997ರಲ್ಲಿ ತಿಳಿದುಬಂದಿತು. ಕಾರಣವು ತಿಳಿಯುವುದಕ್ಕೆ ದಶಕಗಳ ಮುಂಚೆಯೇ ತಳಿಗಾರರು ಕಣ್ಣಳತೆಯಿಂದ ಅಂಥ ದನಗಳನ್ನೇ ಆರಿಸಿ ಬೆಳೆಸಿದ್ದರು. ಫಲವೇನಾಯಿತು? ಕರುವು ಹೊಟ್ಟೆಯಲ್ಲಿಯೇ ದಪ್ಪನಾಗಿ ಬೆಳೆಯುತ್ತದೆ. ತಾಯಿಯ ಜನನಮಾರ್ಗವು ಇಕ್ಕಟ್ಟಾಗುತ್ತದೆ. ಆ ತಳಿಯ ಹಸುಗಳಲ್ಲಿ ಬಹುಪಾಲು ತಾವಾಗಿ ಈಯಲಾರವು. ಪ್ರತಿ ಸಲವೂ ವೈದ್ಯನು ಬಂದು ಹೊಟ್ಟೆಯನ್ನು ಸೀಳಿ ಕರುವನ್ನು ತೆಗೆಯಬೇಕು. ತಾಯ್ತನವೇ ತಾಯಿಯ ಶಕ್ತಿಗೆ ಮೀರಿದ್ದಾಗುವಂತೆ ಒಂದು ಇಡೀ ತಳಿಯನ್ನು ಮನುಷ್ಯನು ಮಾಡಿಟ್ಟನು. ಅವನು ದುಷ್ಟನಾಗಿದ್ದನೇ? ಇಲ್ಲ. ಅವನು ತಕ್ಕಡಿಯಲ್ಲಿ ಮಾಂಸವನ್ನು ಇಟ್ಟನು, ಹೆರಿಗೆಯನ್ನು ಇಡಲಿಲ್ಲ. ಇಷ್ಟೇ ಅವನು ಮಾಡಿದ ತಪ್ಪು, ಇಷ್ಟೇ ಸಾಕಾಯಿತು.

ಎರಡನೆಯದು ಅಮೆರಿಕದ ಆಂಗಸ್ ತಳಿಯ ಕಥೆ. 'ಪ್ರಿಸಿಷನ್ 1680' ಎಂದು ದಾಖಲೆಯಲ್ಲಿ ಹೆಸರಿದ್ದ ಹೋರಿಯು ಮಾಂಸದ ಗುಣಕ್ಕೆ ಬಹಳ ಹೆಸರಾಗಿತ್ತು. ಕೃತಕ ಗರ್ಭಧಾರಣೆಯ ಮೂಲಕ ಅದರ ಸಂತತಿಯು ದೇಶದ ಉದ್ದಗಲಕ್ಕೂ ಹರಡಿತು. ಮಕ್ಕಳ ಮಕ್ಕಳು ಪರಸ್ಪರ ಕೂಡುವ ಕಾಲ ಬಂದಾಗ, ಕಾಲುಗಳು ಮುರುಟಿಕೊಂಡು, ಬೆನ್ನೆಲುಬು ಡೊಂಕಾಗಿ, ಸತ್ತೇ ಹುಟ್ಟುವ ಕರುಗಳು ಅಲ್ಲಲ್ಲಿ ಕಾಣಿಸಿಕೊಂಡವು. 2008ರಲ್ಲಿ ವಿಜ್ಞಾನಿಗಳು ಇದರ ಮೂಲವನ್ನು ಹುಡುಕಿದರು. ಆ ಹೋರಿಯಲ್ಲಿಯೂ, ಅದಕ್ಕೂ ಹಿಂದಿನ ಪೂರ್ವಜನಲ್ಲಿಯೂ ಒಂದು ಮಾರಕ ದೋಷವು ಅಡಗಿತ್ತು. ತಂದೆಯಿಂದಲೋ ತಾಯಿಯಿಂದಲೋ ಒಂದೇ ಕಡೆಯಿಂದ ಬಂದರೆ ಅದು ನಿದ್ರಿಸುತ್ತದೆ; ಎರಡೂ ಕಡೆಯಿಂದ ಬಂದರೆ ಕರುವನ್ನು ಕೊಲ್ಲುತ್ತದೆ. ಮಾಂಸದ ಗುಣದ ಲೆಕ್ಕದಲ್ಲಿ ಅದು ಕಾಣುವಂತೆಯೇ ಇರಲಿಲ್ಲ. ಒಂದು ಹೋರಿಯನ್ನು ಅತಿಯಾಗಿ ಮೆಚ್ಚಿ ಎಲ್ಲರೂ ಅದರ ಹಿಂದೆಯೇ ಓಡಿದುದರಿಂದ, ಮಲಗಿದ್ದ ದೋಷವನ್ನು ಎಲ್ಲರೂ ಸೇರಿ ಎಬ್ಬಿಸಿದಂತಾಯಿತು.

ಆದರೆ ಈ ಕಥೆಯ ಉತ್ತರಾರ್ಧವನ್ನೂ ಗಮನಿಸಿರಿ. ದೋಷದ ಜಾಗವು ತಿಳಿದ ಕೆಲವೇ ತಿಂಗಳುಗಳಲ್ಲಿ ಅದನ್ನು ಪತ್ತೆಹಚ್ಚುವ ಪರೀಕ್ಷೆಯು ಸಿದ್ಧವಾಯಿತು. ಯಾವ ಹೋರಿಯು ಆ ದೋಷವನ್ನು ಹೊತ್ತಿದೆ, ಯಾವುದು ಹೊತ್ತಿಲ್ಲ ಎಂದು ತಿಳಿದು ಕೂಡಿಸುವುದು ಅಂದಿನಿಂದ ಸಾಧ್ಯವಾಗಿದೆ. ಮಾಂಸವನ್ನು ಅಳೆಯಲು ತಂದ ದೀಪವೇ ಕರುವಿನ ಸಾವನ್ನೂ ತೋರಿಸಬಲ್ಲುದಾಯಿತು. ನನ್ನ ವಾದದ ತಿರುಳು ಇರುವುದು ಇಲ್ಲಿಯೇ.

ಬೇಕ್‌ವೆಲ್ಲನ ಕಾಲದವನು 'ನನಗೆ ತಿಳಿದಿರಲಿಲ್ಲ' ಎಂದರೆ ನಾವು ಒಪ್ಪಬೇಕಾಗುತ್ತದೆ. ಇಂದಿನವನು ಹಾಗೆನ್ನುವಂತಿಲ್ಲ. ಇಂದು ಅದೇ ಹನಿ ರಕ್ತದಿಂದ ಒಳಗೆರೆಯ ಕೊಬ್ಬನ್ನು ಓದುವಂತೆ, ಹಸುವು ಸುಲಭವಾಗಿ ಈಯಬಲ್ಲುದೇ, ಗೊರಸು ನೆಟ್ಟಗಿರುವುದೇ, ಸ್ವಭಾವವು ಸಾಧುವೇ ಎಂಬುದನ್ನೂ ಅಂದಾಜು ಮಾಡುತ್ತಾರೆ. ಆಂಗಸ್ ತಳಿಯ ಸಂಘದ ಬಳಿ 10 ಲಕ್ಷಕ್ಕೂ ಮೀರಿದ ದನಗಳ ವಂಶಲಿಪಿಯ ದಾಖಲೆಯಿದೆ. ಈ ಎಲ್ಲ ಗುಣಗಳಿಗೂ ಅವರು ಸಂಖ್ಯೆಗಳನ್ನು ಪ್ರಕಟಿಸುತ್ತಾರೆ. ಆದುದರಿಂದ ಕರುವಿನ ಭಾರಕ್ಕೆ ತಾಯಿಯು ನರಳಿದರೆ, ಒಡಲಿನ ತೂಕಕ್ಕೆ ಗೊರಸು ಸೋತರೆ, ಅದು ಇನ್ನು ಮೇಲೆ ವಿಧಿಯ ಆಟವಲ್ಲ. ಯಾರೋ ಒಬ್ಬರು ಎರಡು ಸಂಖ್ಯೆಗಳನ್ನು ಎದುರಿಗಿಟ್ಟುಕೊಂಡು ಒಂದನ್ನು ಆರಿಸಿದರು ಎಂದರ್ಥ.

ಆ ಆಯ್ಕೆಯು ನಡೆಯುವ ಬಗೆಯನ್ನು ನೋಡಿದರೆ ಇನ್ನೂ ಒಂದು ಸೂಕ್ಷ್ಮವು ತೋರುತ್ತದೆ. ಹತ್ತು ಹನ್ನೆರಡು ಗುಣಗಳ ಸಂಖ್ಯೆಗಳನ್ನು ಎದುರಿಗಿಟ್ಟುಕೊಂಡರೆ ತಳಿಗಾರನಿಗೆ ಗೊಂದಲವಾಗುತ್ತದೆ. ಅದಕ್ಕಾಗಿ ಎಲ್ಲವನ್ನೂ ಡಾಲರಿಗೆ ಪರಿವರ್ತಿಸಿ, ಕೂಡಿಸಿ, ಒಂದೇ ಸೂಚ್ಯಂಕವನ್ನು ಮಾಡಿಕೊಡುತ್ತಾರೆ. ಅನುಕೂಲವೇನೋ ನಿಜ. ಆದರೆ ಡಾಲರಿನ ತಕ್ಕಡಿಯಲ್ಲಿ ನೋವಿಗೆ ಯಾವಾಗ ತೂಕ ಬರುತ್ತದೆ? ಅದರಿಂದ ನಷ್ಟವಾದಾಗ ಮಾತ್ರ. ಕಷ್ಟದ ಹೆರಿಗೆಯಿಂದ ಕರು ಸತ್ತರೆ ನಷ್ಟ. ಆದುದರಿಂದ ಅದಕ್ಕೆ ತೂಕವುಂಟು. ಅದೇ ಹೆರಿಗೆಯಲ್ಲಿ ತಾಯಿಯು ಬಹಳ ನರಳಿ ಕರುವು ಬದುಕಿದರೆ ನಷ್ಟವಿಲ್ಲ. ನರಳಾಟಕ್ಕೆ ತೂಕವೂ ಇಲ್ಲ. ಶಸ್ತ್ರಕ್ರಿಯೆಯ ಖರ್ಚಿಗಿಂತ ಮಾಂಸದ ಬೆಲೆಯು ಹೆಚ್ಚಾಗಿದ್ದರೆ ಹೊಟ್ಟೆ ಸೀಳುವುದೂ ಖರ್ಚಿನ ಒಂದು ಬಾಬತ್ತಾಗಿ ಲೆಕ್ಕದ ಪುಸ್ತಕದಲ್ಲಿ ಅಡಗಿಬಿಡುತ್ತದೆ. ಗಣಿತವು ಸುಳ್ಳು ಹೇಳಲಿಲ್ಲ. ನಾವು ಯಾವುದಕ್ಕೆ ಬೆಲೆ ಕಟ್ಟಿದೆವೋ ಅದನ್ನೇ ಅದು ಪ್ರಾಮಾಣಿಕವಾಗಿ ಕೂಡಿಸಿ ಕೊಟ್ಟಿತು. ಆ ಸೂಚ್ಯಂಕವು ಹೋರಿಯ ಗುಣವನ್ನು ಹೇಳುವಷ್ಟೇ ಸ್ಪಷ್ಟವಾಗಿ ಅದನ್ನು ರಚಿಸಿದವನ ಮನಸ್ಸನ್ನೂ ಹೇಳುತ್ತದೆ.

'ಹೇಗೂ ಕೊಲ್ಲುವ ಪ್ರಾಣಿ. ಅದು ಹೇಗೆ ಬದುಕಿದರೇನು?' ಎಂದು ಯಾರಾದರೂ ಕೇಳಬಹುದು. ಈ ಮಾತಿನಲ್ಲಿ ದೊಡ್ಡ ಮೋಸವಿದೆ. ಸಾವು ಒಂದು ದಿನದ್ದು. ಹುಟ್ಟಿನಿಂದ ಪಡೆದ ದೇಹವಾದರೋ ಪ್ರತಿದಿನದ್ದು. ಮಾಂಸಕ್ಕೆ ಬೆಳೆಸುವ ಕರುವು ಒಂದೂವರೆ ಎರಡು ವರ್ಷ ಬದುಕಿದರೆ, ಅದನ್ನು ಹೆರುವ ತಾಯಿಯು ಹತ್ತು ವರ್ಷವಾದರೂ ವರ್ಷವರ್ಷವೂ ಈಯುತ್ತ ಬದುಕಿರಬಹುದು. ಆ ದೇಹದಲ್ಲಿ ಉಸಿರಾಡುವುದು, ಆ ಕಾಲಿನ ಮೇಲೆ ನಿಲ್ಲುವುದು, ಆ ಸೊಂಟದಿಂದ ಹೆರುವುದು ಅದರ ಪಾಲಿಗೆ ಬಂದದ್ದು. ತನ್ನ ದೇಹವನ್ನು ಅದು ತಾನಾಗಿ ಬೇಡಿ ಪಡೆದುದಲ್ಲ; ನಾವು ಬರೆದುಕೊಟ್ಟದ್ದು. ಒಬ್ಬನಿಗೆ ಮನೆಯನ್ನು ಕಟ್ಟಿಕೊಡುವವನು 'ನೀನು ಹೇಗೂ ಒಂದು ದಿನ ಸಾಯುವೆ' ಎಂದು ಮಾಡನ್ನು ಸೋರುವಂತೆ ಕಟ್ಟಿದರೆ ನಾವು ಒಪ್ಪುತ್ತೇವೆಯೇ?

ಇದೆಲ್ಲ ದೂರದೇಶದ ಮಾತೆಂದು ನಿಟ್ಟುಸಿರು ಬಿಡುವ ಮುನ್ನ ನಮ್ಮ ಕಡೆಗೂ ತಿರುಗಿ ನೋಡೋಣ. ಅಮೆರಿಕದ ದಕ್ಷಿಣದ ಬಿಸಿ ಪ್ರಾಂತಗಳಲ್ಲಿ ಹುಟ್ಟಿ, ಮುಂದೆ ಉತ್ತರ ಆಸ್ಟ್ರೇಲಿಯದಲ್ಲಿಯೂ ನೆಲೆಗೊಂಡಿರುವ ಬ್ರಾಹ್ಮನ್ ಎಂಬ ಮಾಂಸದ ತಳಿಯು ಭಾರತದ ರಕ್ತದಿಂದ ಬಂದುದು. ಓಂಗೋಲು, ಗೀರ್, ಕಾಂಕ್ರೇಜಗಳ ಜೊತೆಗೆ ನಮ್ಮ ಕೃಷ್ಣಾತೀರದ ದನಗಳ ರಕ್ತವೂ ಅದರಲ್ಲಿ ಸೇರಿದೆ. ಎರೆಭೂಮಿಯ ಅಂಟುಮಣ್ಣಿನಲ್ಲಿ ಭಾರವಾದ ನೇಗಿಲನ್ನು ಎಳೆಯಲೆಂದು ಬೆಳೆಸಿದ ತಳಿ ಅದು. ಇಂದು ತನ್ನ ತವರಿನಲ್ಲಿಯೇ ವಿರಳವಾಗಿದೆ. ಬಿಸಿಲನ್ನೂ ಉಣ್ಣೆಯ ಕಾಟವನ್ನೂ ತಾಳುವ ಶಕ್ತಿಯನ್ನು ಅದರ ವಂಶದವು ಪರದೇಶಕ್ಕೆ ಕೊಟ್ಟವು. ಒಳಗೆರೆಯ ತಕ್ಕಡಿಯಲ್ಲಿ ಮಾತ್ರ ಅವುಗಳಿಗೆ ಕಡಿಮೆ ಅಂಕ! ಅಷ್ಟೇ ಅಲ್ಲ, ಆಂಗಸ್ ದನಗಳಿಂದ ಕಲಿತ ಲೆಕ್ಕವನ್ನು ಬ್ರಾಹ್ಮನ್ ದನಗಳಿಗೆ ಹಾಕಿದರೆ ಅದು ಸರಿಯಾಗಿ ಹೊಂದುವುದೂ ಇಲ್ಲ. ಒಂದು ಕುಲವನ್ನು ನೋಡಿ ಮಾಡಿದ ಅಳತೆಗೋಲು ಇನ್ನೊಂದು ಕುಲಕ್ಕೆ ಸಲ್ಲದೆಂಬುದನ್ನು ಗಣಿತವೇ ಒಪ್ಪಿಕೊಂಡಂತಾಯಿತು.

ನಮ್ಮ ಹಿರಿಯರೂ ಆರಿಸಿ ಬೆಳೆಸಿದವರೇ. ಮೈಸೂರಿನ ಅಮೃತಮಹಲ್ ದನಗಳು ಸೈನ್ಯದ ಸಾಮಾನುಗಳನ್ನು ಹೊತ್ತು ಬೇಗ ನಡೆಯಲೆಂದು ಬೆಳೆದವು. ಅವರ ತಕ್ಕಡಿಯಲ್ಲಿ ನಡಿಗೆ, ತಾಳ್ಮೆ, ಗೊರಸು ಇದ್ದವು. ಅವರೇನೂ ನಿಷ್ಕಾಮಿಗಳಾಗಿರಲಿಲ್ಲ; ಅವರಿಗೂ ತಮ್ಮ ಕೆಲಸವೇ ಮುಖ್ಯವಾಗಿತ್ತು. ಆದರೆ ದೂರ ನಡೆಯಬಲ್ಲ ಎತ್ತು ಆರೋಗ್ಯವಾಗಿಯೂ ಇರಬೇಕಾಗಿತ್ತು. ಯಜಮಾನನ ಲಾಭವೂ ಪ್ರಾಣಿಯ ಸುಖವೂ ಅಲ್ಲಿ ಬಹುಮಟ್ಟಿಗೆ ಒಂದೇ ನೊಗಕ್ಕೆ ಕಟ್ಟಲ್ಪಟ್ಟಿದ್ದವು. ಆ ನೊಗವು ಮುರಿದಾಗ, ಎಂದರೆ ಪ್ರಾಣಿಯು ನರಳಿದರೂ ಲಾಭವು ನಿಲ್ಲದೆ ಬರುವಂತಾದಾಗ, ಮನುಷ್ಯನ ಪರೀಕ್ಷೆಯು ಆರಂಭವಾಗುತ್ತದೆ.

ಆ ಪರೀಕ್ಷೆಯು ಈಗ ನಮಗೂ ಬಂದಿದೆ. ನಮ್ಮ ದೇಶೀಯ ತಳಿಗಳ ವಂಶಲಿಪಿಯನ್ನು ಓದುವ 'ಇಂಡಿಗೌ' ಚಿಪ್ಪನ್ನು 2021ರಲ್ಲಿ ಹೈದರಾಬಾದಿನ ರಾಷ್ಟ್ರೀಯ ಪ್ರಾಣಿ ಜೈವಿಕ ತಂತ್ರಜ್ಞಾನ ಸಂಸ್ಥೆಯು ರೂಪಿಸಿ ಹೊರತಂದಿತು. 2024ರಲ್ಲಿ ದನಗಳಿಗಾಗಿ 'ಗೌ ಚಿಪ್', ಎಮ್ಮೆಗಳಿಗಾಗಿ 'ಮಹಿಷ್ ಚಿಪ್' ಎಂಬವು ಬಂದವು. ಇಲ್ಲಿ ಲೆಕ್ಕವು ಮಾಂಸದ್ದಲ್ಲ, ಹಾಲಿನದು. ವಿದ್ಯೆ ಮಾತ್ರ ಅದೇ. ಕರುವು ಮುಂದೆ ಎಷ್ಟು ಹಾಲು ಕೊಟ್ಟೀತೆಂದು ಅದರ ಎಳೆತನದಲ್ಲಿಯೇ ತಿಳಿಯುವ ಕಾಲವಿದು. ಬಡ ರೈತನಿಗೆ ಇದರಿಂದ ನಿಜವಾದ ಉಪಕಾರವಾಗಬಹುದು. ಹಾಲು ಕೊಡದ ಹಸುವನ್ನು ಕಟ್ಟಿಕೊಂಡು ಸಾಲದಲ್ಲಿ ಬೀಳುವವನ ಕಷ್ಟವನ್ನು ಬಲ್ಲವರು ಈ ವಿದ್ಯೆಯನ್ನು ಹಳಿಯಲಾರರು. ನಾನೂ ಹಳಿಯುವುದಿಲ್ಲ.

ಆದರೆ ಕೇಳಬೇಕಾದುದನ್ನು ಈಗಲೇ ಕೇಳೋಣ. ನಮ್ಮ ತಕ್ಕಡಿಯಲ್ಲಿ ಲೀಟರು ಮಾತ್ರ ಇರುವುದೇ? ಬೇಸಗೆಯ ಬಿಸಿಲನ್ನು ತಾಳುವ ಶಕ್ತಿ, ಸುಲಭವಾದ ಹೆರಿಗೆ, ಕೆಚ್ಚಲುಬಾವು ಬಾರದ ಮೈ, ದೀರ್ಘವಾದ ಆಯುಸ್ಸು—ಇವಕ್ಕೂ ಅಲ್ಲಿ ಜಾಗವಿರುವುದೇ? ಒಂದೇ ಹೋರಿಯ ವೀರ್ಯವನ್ನು ಊರೂರಿಗೂ ಹರಡಿ, ಮಲಗಿದ ದೋಷಗಳನ್ನು ಎಬ್ಬಿಸದಂತೆ ಎಚ್ಚರ ವಹಿಸುವೆವೇ? ಹಾಲಿನ ಲೆಕ್ಕಕ್ಕೆ ಬಾರದ ಗಂಡುಕರುವು ನಮ್ಮ ಕೊಟ್ಟಿಗೆಯಲ್ಲಿ ಹುಟ್ಟಿದಾಗ, ಉಳುವ ಕೆಲಸವನ್ನು ಟ್ರಾಕ್ಟರು ಕಸಿದುಕೊಂಡಿರುವ ಈ ಕಾಲದಲ್ಲಿ, ಅದರ ಗತಿಯೇನೆಂದು ನಾವು ಎಷ್ಟು ಮಂದಿ ಕೇಳಿದ್ದೇವೆ? ಮಾಂಸವನ್ನು ತಿನ್ನುವವನ ಲೆಕ್ಕದ ಪುಸ್ತಕವನ್ನು ಪರೀಕ್ಷಿಸುವ ನಾವು, ಬೆಳಗಿನ ಲೋಟದ ಹಾಲಿನ ಲೆಕ್ಕವನ್ನು ಮುಚ್ಚಿಡುವುದು ನ್ಯಾಯವಲ್ಲ.

ವಾಚಕರೇ, ದನವನ್ನು ಕೊಳ್ಳುವವನು ಸುಳಿಯನ್ನು ನೋಡುತ್ತಿದ್ದ ಕಾಲವೊಂದಿತ್ತು. ಹಲ್ಲನ್ನು ಎಣಿಸುತ್ತಿದ್ದ ಕಾಲವಿತ್ತು. ಈಗ ರಕ್ತದ ಅಕ್ಷರಗಳನ್ನು ಓದುವ ಕಾಲ. ಓದಬಾರದೆಂದು ನಾನು ಹೇಳುತ್ತಿಲ್ಲ. ಓದು ಬಂದವನು ಪೂರ್ತಿ ಓದಲಿ ಎನ್ನುತ್ತೇನೆ. ಪಕ್ಕೆಯ ಕೊಬ್ಬಿನ ಸಾಲನ್ನು ಓದಿದ ಕಣ್ಣು ಹೆರಿಗೆಯ ಸಾಲನ್ನು ಬಿಟ್ಟು ಮುಂದಕ್ಕೆ ಹೋಗದಿರಲಿ. ಹಾಲಿನ ಸಾಲನ್ನು ಓದಿದ ಕಣ್ಣು ಆಯುಸ್ಸಿನ ಸಾಲನ್ನು ಬಿಡದಿರಲಿ. ಮೂಕಪ್ರಾಣಿಯು ತನ್ನ ಪರವಾಗಿ ಒಂದು ಮಾತನ್ನೂ ಆಡಲಾರದು. ಅದರ ಮಾತೆಲ್ಲವೂ ಈಗ ನಮ್ಮ ಮುಂದಿರುವ ಆ ಲಿಪಿಯಲ್ಲಿಯೇ ಇದೆ. ಅದನ್ನು ಓದಲು ಕಲಿತವನು, ತನಗೆ ಲಾಭವಾದ ಸಾಲುಗಳನ್ನು ಮಾತ್ರ ಓದಿ ಪುಸ್ತಕವನ್ನು ಮುಚ್ಚಿದರೆ, ಅರಿವಿಲ್ಲದವನಿಗಿಂತ ಹೆಚ್ಚಿನ ಅಪರಾಧಿ ಅವನೇ ಆಗುತ್ತಾನೆ.